ಗಡ್ಡ ಬೋಳಿಸುವಾಗ ಬಾಯಿ ಬಿಟ್ಟರು

"ಡಿಪ್ರೆಶನ್‌ಗೆ ಶೇವಿಂಗಾ?" ಅಂತ, ಪೇಶೆಂಟ್ ಗಡ್ಡ ಬೋಳಿಸುತ್ತಾ ಮನಸ್ಸಿನ ಮಾತು ಹೊರಡಿಸ್ತೀನಿ ಅಂದಾಗ, ನಮ್ಮ ಮೂಳೆ ವಾರ್ಡಿನಲ್ಲಿ ಎಲ್ಲರೂ ನಕ್ಕಿದ್ದರು. ಡಾಕ್ಟರೂ ನಕ್ಕರು. ನಾನು ಗಂಡಸರ ಕಡೆಯ ಸ್ಟಾಫ್ ನರ್ಸ್. ಟ್ರ್ಯಾಕ್ಷನ್ (ಮುರಿದ ಮೂಳೆ ಕೂಡಲು ತೂಕ ಕಟ್ಟಿ ಎಳೆದಿಡೋದು) ಹಾಕಿಸಿಕೊಂಡವರು ಎರಡನೇ ವಾರ ದಾಟಿದ ಮೇಲೆ ಫ್ಯಾನ್ ನೋಡುತ್ತಾ ಹೇಗೆ ಸುಮ್ಮನಾಗುತ್ತಾರೆ ಅಂತ ನಿಮಗೂ ಗೊತ್ತು, ಅಲ್ವಾ?

ಮೊದಲು ಪಿಎಚ್‌ಕ್ಯೂ-9, ಅಂದರೆ ಡಿಪ್ರೆಶನ್ ಪತ್ತೆಯ ಒಂಬತ್ತು ಪ್ರಶ್ನೆಗಳ ಫಾರಂ, ಹಿಡಿದುಕೊಂಡು ಹೋದೆ. ಜೆರಾಕ್ಸ್‌ಗೇ ಇನ್ನೂರು ರೂಪಾಯಿ ಹೋಯಿತು. ಅರ್ಧ ಜನ "ಏನಿಲ್ಲ ಸಾರ್, ಆರಾಮಿದೀನಿ" ಅಂದರು. ಉಳಿದವರು ನಿದ್ದೆ, ಊಟ, ಸುಸ್ತು ಮೂರಕ್ಕೂ ಟಿಕ್ ಹಾಕಿದರು. ತೊಡೆ ಮೂಳೆ ಮುರಿದವನಿಗೆ ನಿದ್ದೆ ಎಲ್ಲಿ ಬರುತ್ತೆ? ಆಮೇಲೆ ಹ್ಯಾಡ್ಸ್ ಹಿಡಿದೆ, ಅದು ಆಸ್ಪತ್ರೆಯಲ್ಲಿರೋರ ಆತಂಕ, ಖಿನ್ನತೆ ಅಳೆಯೋ ಪ್ರಶ್ನೆಪಟ್ಟಿ. 1983ರ ಹಳೆಯ ಫಾರಂ, 14 ಪ್ರಶ್ನೆ, ಮೈನೋವಿನ ಗೊಂದಲ ಇಲ್ಲ. ಆದರೆ ಉತ್ತರ ಮತ್ತೆ "ಹ್ಞೂಂ", "ಊಹ್ಞೂಂ". ಅದರಲ್ಲೊಂದು ಪ್ರಶ್ನೆ, ನೋಡೋಕೆ ಹೇಗಿದ್ದೀನಿ ಅನ್ನೋದರ ಮೇಲೆ ಆಸಕ್ತಿ ಹೋಗಿದೆಯಾ ಅಂತ. ಓದುತ್ತಾ ಎದುರಿನವರ ಗಡ್ಡ ನೋಡಿದೆ. ಅಲ್ಲಿಂದ ಶುರು.

ಗೇಟಿನಾಚೆಯ ಕ್ಷೌರಿಕನನ್ನು ಕರೆತಂದೆ. ತಲೆಗೆ 40 ರೂಪಾಯಿ, ಕೈಯಿಂದಲೇ. ಅವನೇ ಜಾಸ್ತಿ ಮಾತಾಡಿದ, ಪೇಶೆಂಟ್ ಸುಮ್ಮನಿದ್ದ! ಕೊನೆಗೆ ನಾನೇ ಕಲಿತೆ. ಇಬ್ಬರ ಗಲ್ಲ ಕೊಯ್ದಿದ್ದೇನೆ, ಸುಳ್ಳು ಹೇಳಲ್ಲ. ಒಬ್ಬರಿಗೊಂದು ಹೊಸ ರೇಜರ್, ತಿಂಗಳಿಗೆ ಐನೂರು ಆರುನೂರು ಬೀಳುತ್ತದೆ.

ಎದುರು ಕೂರಬೇಡಿ, ಪಕ್ಕಕ್ಕೆ ನಿಲ್ಲಿ. ನೊರೆ ಹಚ್ಚಿ "ಮನೆ ಕಡೆ ಕೈಸಾಲ ಎಷ್ಟಾಯ್ತಣ್ಣ?" ಅಂತ ಕೇಳಿ ಬಿಟ್ಟುಬಿಡಿ. ಮುಖ ಒರೆಸುವಾಗ ಉತ್ತರ ಬರುತ್ತದೆ. ಒಬ್ಬ ಆಟೋದವರು ಕಂತಿನಿಂದ ಶುರು ಮಾಡಿ, ಹೆಂಡತಿ ಕೈಲಿ ಬೆಡ್‌ಪ್ಯಾನ್ ಹಿಡಿಸಿಕೊಳ್ಳುವ ನಾಚಿಕೆವರೆಗೂ ಬಂದರು. ಆಮೇಲೆ ನಾನು ಇನ್ನೊಂದು ಮಾತು ಕೇಳುತ್ತೇನೆ. ಅದನ್ನು ಬರೆಯಲ್ಲ. ಬರೆದರೆ ಅದನ್ನೂ ಫಾರಂ ಥರ ಓದಿಬಿಡುತ್ತೀರಿ. ಸಾಯೋ ಮಾತು ಬಂದರೆ ಮಾತ್ರ ರೇಜರ್ ಸಮೇತ ಸಾಮಾನೆಲ್ಲ ಎತ್ತಿಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ನೇರ ಡಾಕ್ಟರ ಹತ್ತಿರ ಹೋಗುತ್ತೇನೆ.

ದೊಡ್ಡ ತಪ್ಪೂ ಮಾಡಿದ್ದೇನೆ. ಪೇಂಟಿಂಗ್ ಕೆಲಸದವರೊಬ್ಬರು ಮೂರನೇ ದಿನ ನಡುಗುತ್ತಾ ಬೆವರುತ್ತಿದ್ದರು. ಗಾಬರಿ ಅಂತ ಸಮಾಧಾನ ಹೇಳಿದೆ. ರಾತ್ರಿ ಗೋಡೆ ಮೇಲೆ ಹುಳ ಓಡ್ತಿದೆ ಅಂತ ಕಿರುಚಿದರು. ಅದು ಕುಡಿತ ನಿಂತಿದ್ದರಿಂದ ಆದದ್ದು! ಈಗ "ಕೊನೆಗೆ ಕುಡಿದದ್ದು ಯಾವತ್ತು?" ಅನ್ನೋದನ್ನು ಅಡ್ಮಿಷನ್ ದಿನವೇ ಕೇಳುತ್ತೇನೆ.

ನಡುವೆ ಚೌಕಾಬಾರವನ್ನೂ ಆಡಿಸಿದೆ. ವಾರದೊಳಗೆ ದುಡ್ಡು ಕಟ್ಟಿ ಆಡತೊಡಗಿದರು. ಸಿಸ್ಟರ್ ಕವಡೆ ಕಸಿದುಕೊಂಡರು.

ಒಂದೂವರೆ ವರ್ಷದಲ್ಲಿ ಅರವತ್ತು ಜನರಾದರೂ ಆಗಿರಬೇಕು. ಮೊದಲು ವರ್ಷಕ್ಕೆ ಇಬ್ಬರೋ ಮೂವರೋ ಮನೋರೋಗ ವಿಭಾಗಕ್ಕೆ ಹೋಗುತ್ತಿದ್ದರು, ಈಗ ಹದಿನೈದರ ಹತ್ತಿರ. ಅಂದು ನಕ್ಕ ಡಾಕ್ಟರೇ ರೌಂಡ್ಸ್‌ನಲ್ಲಿ "ಎಂಟನೇ ಬೆಡ್ ಗಡ್ಡ ಬಿಟ್ಟಿದೆ, ನೋಡ್ರಿ" ಅನ್ನುತ್ತಾರೆ. ರೇಜರ್ ದುಡ್ಡು ಮಾತ್ರ ಇನ್ನೂ ನಂದೇ.