ಚದರಕ್ಕೆ ಎಷ್ಟು ಎಂದು ಕೇಳುವ ಮೊದಲು

ನಮ್ಮಣ್ಣ 2016ರಲ್ಲಿ ಮನೆ ಕಟ್ಟಿಸಲು ಹೊರಟಾಗ ನಾಲ್ಕು ಜನ ಕಾಂಟ್ರಾಕ್ಟರುಗಳನ್ನು ಕರೆಸಿ, ಚದರಕ್ಕೆ, ಅಂದರೆ ನೂರು ಚದರಡಿಗೆ, ಎಷ್ಟು ಅಂತ ಕೇಳಿದ. ಯಾರು ಕಡಿಮೆ ಹೇಳಿದರೋ ಅವರ ಕೈಗೆ ಎಲೆ ಅಡಿಕೆ ಮೇಲೆ ಅಡ್ವಾನ್ಸ್ ಇಟ್ಟುಬಿಟ್ಟ. ಎರಡನೇ ಮೋಲ್ಡ್ (ಕಾಂಕ್ರೀಟ್ ಛಾವಣಿ) ಬಿದ್ದ ಮುಂದಿನ ವಾರದಿಂದಲೇ ಕೆಲಸದವರು ಬರುವುದು ನಿಂತಿತು. ಅಷ್ಟರಲ್ಲಿ ಮುಕ್ಕಾಲು ದುಡ್ಡು ಕೊಟ್ಟಾಗಿತ್ತು. ಕಿಟಕಿ ಇಲ್ಲ, ಗಾರೆ ಇಲ್ಲ, ಪೈಪ್ ಇಲ್ಲ. ಅತ್ತಿಗೆ ಒಡವೆ ಅಡವಿಟ್ಟು ಬೇರೆ ಮೇಸ್ತ್ರಿ ಹಿಡಿದು ಮುಗಿಸುವ ಹೊತ್ತಿಗೆ ಇನ್ನೂ ಒಂದೂವರೆ ವರ್ಷ ಬಾಡಿಗೆ ಮನೆಯಲ್ಲೇ ಕಳೆದರು. ಅಮ್ಮ ಆ ಮನೆಯ ಗೃಹಪ್ರವೇಶ ನೋಡಲಿಲ್ಲ.

2023ರಲ್ಲಿ ಮೈಸೂರಿನ ಶ್ರೀರಾಂಪುರದ ಕಡೆ ನಮ್ಮ 30×50 ಸೈಟಿನಲ್ಲಿ ಮನೆ ಕಟ್ಟಿಸುವ ಮಾತು ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಕಟ್ಟಡದ ಕೆಲಸ ಗೊತ್ತಿರಲಿಲ್ಲ, ಆದರೆ ಎರಡು ಭಿನ್ನರಾಶಿಗಳನ್ನು ಹೋಲಿಸಬೇಕಾದರೆ ಮೊದಲು ಛೇದ ಒಂದೇ ಮಾಡಿಕೊಳ್ಳಬೇಕು ಅನ್ನುವುದು ಗೊತ್ತಿತ್ತು. ಕೊಟೇಶನ್ ಹೋಲಿಸುವುದೂ ಅದೇ ಕೆಲಸ. ಆ ಮೂರು ತಿಂಗಳು ಏನೇನು ಮಾಡಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಯಾರನ್ನೂ ಕರೆಯಬೇಡಿ. ಪ್ಲಾನ್ ಒಂದೇ ಸಾಲದು, ಸ್ಟ್ರಕ್ಚರಲ್ ಡ್ರಾಯಿಂಗೂ ಕೈಗೆ ಬರಲಿ. ಕಾಲಮ್ಮಿಗೆ ಎಷ್ಟು ಕಂಬಿ, ಪಾಯ ಎಷ್ಟು ಆಳ, ಮೋಲ್ಡ್ ಎಷ್ಟು ದಪ್ಪ ಅನ್ನುವುದು ಅದರಲ್ಲಿರುತ್ತದೆ. ಅದಿಲ್ಲದೆ ದರ ಕೇಳಿದರೆ ಒಬ್ಬೊಬ್ಬರೂ ಅವರವರ ಮನಸ್ಸಿನಲ್ಲಿರುವ ಮನೆಗೆ ದರ ಹೇಳುತ್ತಾರೆ. ನಮ್ಮ ಸೈಟಿನ ಒಂದು ಮೂಲೆಯಲ್ಲಿ ತುಂಬಿದ ಮಣ್ಣಿತ್ತು. ಎಂಜಿನಿಯರ್ ಹೇಳಿದರು ಅಂತ ಜೆಸಿಬಿ ಕರೆಸಿ ಎರಡು ಕಡೆ ಗುಂಡಿ ತೆಗೆಸಿದೆವು. ಒಂದು ಕಡೆ ನಾಲ್ಕು ಅಡಿಗೇ ಗಟ್ಟಿ ನೆಲ ಸಿಕ್ಕಿತು, ತುಂಬಿದ ಮೂಲೆಯಲ್ಲಿ ಐದೂವರೆ ಅಡಿ ಹೋಗಬೇಕಾಯಿತು. ಈ ಗುಂಡಿ ತೆಗೆಸದೆ ಇದ್ದಿದ್ದರೆ ಪಾಯ ತೋಡುವ ದಿನ ಆ ಒಂದೂವರೆ ಅಡಿ ‘ಎಕ್ಸ್‌ಟ್ರಾ’ ಆಗಿ ನಮ್ಮ ತಲೆಗೇ ಬರುತ್ತಿತ್ತು.

ಆಮೇಲೆ ನಾನೇ ಕೂತು ಆರು ಪುಟದ ಒಂದು ಪಟ್ಟಿ ಮಾಡಿದೆ. ಯಾವ ರೂಮಿಗೆ ಎಷ್ಟು ಲೈಟು, ಎಷ್ಟು ಸಾಕೆಟ್ಟು, ಎಲ್ಲಿ ಗೀಸರು, ಯುಪಿಎಸ್ ವೈರಿಂಗು ಎಲ್ಲಿಂದ ಎಲ್ಲಿಗೆ ಅಂತ ಎಣಿಸಿದಾಗ 110 ಪಾಯಿಂಟ್ ಆಯಿತು. ಅಡಿಗೆಮನೆ ಕಟ್ಟೆ ಎಷ್ಟು ಅಡಿ, ಯಾವ ಬಾಗಿಲಿಗೆ ಯಾವ ಮರ, ಯಾವ ಸಿಮೆಂಟು, ಕಂಬಿ ಯಾವ ಕಂಪನಿಯದ್ದು, ಗ್ರೇಡ್ ಏನು ಅನ್ನುವುದೆಲ್ಲ ಅದರಲ್ಲಿತ್ತು. ಅದನ್ನೇ ಜೆರಾಕ್ಸ್ ಮಾಡಿಸಿ ಮೂವರು ಕಾಂಟ್ರಾಕ್ಟರುಗಳಿಗೂ ಕೊಟ್ಟು, ‘ಇದಕ್ಕೇ ದರ ಬರೆದುಕೊಡಿ, ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬೇರೆ ಪಟ್ಟಿ ಬೇಡ’ ಅಂದೆ. ಆದರೂ ಮೂವರಲ್ಲಿ ಇಬ್ಬರು ತಮ್ಮದೇ ಪಟ್ಟಿ ತಂದರು. ಅದನ್ನು ವಾಪಸ್ ಕೊಡುವುದಕ್ಕೆ ಸಂಕೋಚ ಪಡಬೇಡಿ.

ನಾಲ್ಕನೆಯವರೊಬ್ಬರು ಬರೀ ಲೇಬರ್ ಕಾಂಟ್ರಾಕ್ಟಿಗೆ ಬಂದರು. ಒಂಟಿ ಮನೆಯ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ಇಲ್ಲ, ಅದೊಂದು ಉಳಿತಾಯವೇ. ಆದರೆ ಸಿಮೆಂಟು, ಜಲ್ಲಿ, ಕಂಬಿ ತರಿಸಿ, ಎಣಿಸಿ, ಕಾಯುವವರು ಮನೆಯಲ್ಲಿ ಬೇಕು. ನಾನು ಶಾಲೆಯಲ್ಲಿ, ನಮ್ಮ ಮನೆಯವರು ಡಿಪೋದಲ್ಲಿ. ಅದನ್ನು ಅಲ್ಲಿಗೇ ಬಿಟ್ಟೆವು.

ಮಿಕ್ಕ ಮೂವರದ್ದೂ ಮೆಟೀರಿಯಲ್ ಸಮೇತ. ಮೊದಲನೆಯವರು ಚದರಕ್ಕೆ 1.95 ಲಕ್ಷ ಅಂದರು, ಎರಡನೆಯವರು 2.20 ಲಕ್ಷ. ಮೂರನೆಯವರು ಚದರದ ಮಾತೇ ಆಡದೆ ಒಟ್ಟಿಗೆ 41 ಲಕ್ಷ ಅಂತ ಬರೆದುಕೊಟ್ಟರು. ನಮ್ಮ ಮನೆಯವರು ಮೊದಲನೆಯದನ್ನೇ ಹಿಡಿದುಕೊಂಡು, ‘ಚದರಕ್ಕೆ ಕಾಲು ಲಕ್ಷ ಉಳಿಯುತ್ತಲ್ಲ, ಹದಿನೇಳು ಚದರಕ್ಕೆ ಎಷ್ಟಾಯಿತು ನೋಡು’ ಅಂದರು.

ಎಡವುವುದು ಇಲ್ಲೇ. ಎಷ್ಟು ಚದರ ಅನ್ನುವುದು ಪ್ಲಾನಿನಲ್ಲಿ ಬರೆದಿರುವ ಲೆಕ್ಕವಲ್ಲ, ಕಾಂಟ್ರಾಕ್ಟರ್ ಅಳೆಯುವ ಲೆಕ್ಕ. ಎರಡು ಅಂತಸ್ತು ಸೇರಿ ನಮ್ಮ ಮನೆ 1,700 ಚದರಡಿ, ಅಂದರೆ 17 ಚದರ. ಅದರ ಮೇಲೆ ಪೋರ್ಟಿಕೊ 120, ಬಾಲ್ಕನಿ 70, ಮೆಟ್ಟಿಲ ಮೇಲಿನ ಹೆಡ್‌ರೂಮ್ 60. ಮೊದಲನೆಯವರು ಇದಿಷ್ಟನ್ನೂ ಪೂರ್ತಿ ದರಕ್ಕೆ ಹಿಡಿದಿದ್ದರು, 19.5 ಚದರ. ಎರಡನೆಯವರು ಪೋರ್ಟಿಕೊ, ಬಾಲ್ಕನಿಗೆ ಅರ್ಧ ಹಿಡಿದು ಹೆಡ್‌ರೂಮ್ ಬಿಟ್ಟಿದ್ದರು, 17.95 ಚದರ. ಗುಣಿಸಿ ನೋಡಿದರೆ ಮೊದಲನೆಯವರದ್ದು 38,02,500, ಎರಡನೆಯವರದ್ದು 39,49,000. ಚದರಕ್ಕೆ ಕಾಲು ಲಕ್ಷ ಅಂದುಕೊಂಡಿದ್ದ ಅಂತರ ಇಡೀ ಮನೆಗೆ ಒಂದೂವರೆ ಲಕ್ಷಕ್ಕೆ ಬಂದು ನಿಂತಿತು. ಹಾಗಾಗಿ ದರ ಕೇಳುವಾಗಲೇ ಯಾವುದು ಪೂರ್ತಿ, ಯಾವುದು ಅರ್ಧ, ಯಾವುದು ಲೆಕ್ಕಕ್ಕಿಲ್ಲ ಅಂತ ಬರೆಸಿಕೊಳ್ಳಿ.

ಅದಾದ ಮೇಲೆ ಇರುವುದನ್ನು ಓದುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕಬೇಕು. ನಾನು ದೊಡ್ಡ ರೂಲ್ಡ್ ನೋಟ್‌ಬುಕ್ಕಿನ ಎರಡು ಪುಟ ಬಿಡಿಸಿ, ಎಡಗಡೆ ನನ್ನ ಪಟ್ಟಿಯ ಒಂದೊಂದು ಬಾಬ್ತು, ಬಲಕ್ಕೆ ಮೂವರಿಗೂ ಒಂದೊಂದು ಕಾಲಂ ಹಾಕಿದೆ. ಕೊಟೇಶನ್ನಿನಲ್ಲಿ ಮಾತಿದ್ದರೆ ಬರೆದೆ, ಇಲ್ಲದಿದ್ದರೆ, ಅಥವಾ ಬೇಕಾದದ್ದಕ್ಕಿಂತ ಕಡಿಮೆ ಇದ್ದರೆ, ಕೆಂಪು ಇಂಕಿನಲ್ಲಿ ಸೊನ್ನೆ. ಮೊದಲನೆಯವರ ಕಾಲಮ್ಮಿನಲ್ಲಿ ಏಳು ಸೊನ್ನೆ ಬಿತ್ತು. ಸಂಪು ಇಲ್ಲ, ಮೇಲಿನ ಟ್ಯಾಂಕು ಇಲ್ಲ, ಕಾಂಪೌಂಡ್ ಇಲ್ಲ, ಗೇಟ್ ಇಲ್ಲ. ಪಾಯ ನಾಲ್ಕು ಅಡಿಗೆ ಮಾತ್ರ. ಎಲೆಕ್ಟ್ರಿಕಲ್ ಪಾಯಿಂಟು 70. ಟೈಲ್ಸ್ ‘ಚದರಡಿಗೆ 45 ರೂ. ವರೆಗೆ’.

ಆ ‘ವರೆಗೆ’ ಅನ್ನುವ ಪದದ ಬೆನ್ನು ಹತ್ತಿ ಒಂದು ಭಾನುವಾರ ಟೈಲ್ಸ್ ಅಂಗಡಿಗೆ ಹೋದೆವು. ‘45 ರೂಪಾಯಿದು ತೋರಿಸಿ’ ಅಂದಾಗ ಹುಡುಗ ಹಿಂದಿನ ಗೋಡೌನಿಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿ ಒರಗಿಸಿಟ್ಟ ಎರಡೇ ಎರಡು ಬಗೆ ತೋರಿಸಿದ. ಎರಡನ್ನು ಎದುರುಬದುರು ಇಟ್ಟು ಹಿಡಿದರೆ ನಡುವೆ ಬೆಳಕು ಕಾಣುವಷ್ಟು ಬಾಗು. ಮುಂದಿನ ಸಾಲಿನಲ್ಲಿ ನಮಗೆ ಒಪ್ಪಿಗೆಯಾದದ್ದು 80 ರೂಪಾಯಿಯದ್ದು. ನೆಲಕ್ಕೆ ಬೇಕಾಗಿದ್ದದ್ದು 1,500 ಚದರಡಿ, ಚದರಡಿಗೆ 35 ರೂಪಾಯಿ ವ್ಯತ್ಯಾಸ ಅಂದರೆ 52,500. ಟೈಲ್ಸ್, ಗ್ರಾನೈಟ್, ನಲ್ಲಿ, ಕಮೋಡು, ಮುಂಬಾಗಿಲು — ಯಾವುದಕ್ಕೆಲ್ಲ ‘ಇಷ್ಟು ರೂಪಾಯಿವರೆಗೆ’ ಎಂದಿದೆಯೋ ಅದಕ್ಕೆಲ್ಲ ಅಂಗಡಿಗೆ ಹೋಗಿ ಆ ರೇಟಿನ ಮಾಲನ್ನು ಕಣ್ಣಾರೆ ನೋಡಿ ಬನ್ನಿ. ಸಹಿ ಹಾಕಿದ ಮೇಲೆ ನೋಡಿ ಪ್ರಯೋಜನವಿಲ್ಲ.

ಸಂಪಿನದ್ದು ಇನ್ನೊಂದು. ಎರಡನೆಯವರು ‘6×6×6 ಸಂಪು, 6,000 ಲೀಟರ್’ ಅಂತ ಬರೆದಿದ್ದರು. ಒಳಗಿನ ಅಳತೆಯೋ ಹೊರಗಿನದ್ದೋ ಅಂತ ಕೇಳಿದೆ. ಒಳಗೆ ಆರಾರು ಅಡಿ ಇದ್ದರೆ 216 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರಿನಂತೆ 6,100 ಲೀಟರು ದಾಟುತ್ತದೆ. ಹೊರಗಿನಿಂದ ಆರು ಅಡಿ ಇಟ್ಟು ಆರಿಂಚಿನ ಗೋಡೆ, ಆರಿಂಚಿನ ತಳ, ಆರಿಂಚಿನ ಮುಚ್ಚಳ ಕಳೆದರೆ ಒಳಗೆ ಉಳಿಯುವುದು ಐದೈದು ಅಡಿ, 3,500 ಲೀಟರಿಗೆ ಸ್ವಲ್ಪ ಹೆಚ್ಚು. ಮಾತು ಒಂದೇ, ನೀರು ಅರ್ಧಕ್ಕಿಂತ ಒಂದಿಷ್ಟು ಜಾಸ್ತಿ ಅಷ್ಟೆ. ಅವರು ಪ್ರಾಮಾಣಿಕವಾಗಿಯೇ ಒಳ ಅಳತೆ ಅಂದರು. ‘ಒಳ ಅಳತೆ’ ಅಂತ ಸೇರಿಸಿ ಬರೆಸಿದೆ.

ಕಂಬಿ, ಕಾಂಕ್ರೀಟಿನ ವಿಷಯದಲ್ಲಿ ‘ಬೆಸ್ಟ್ ಕ್ವಾಲಿಟಿ’, ‘ಐಎಸ್‌ಐ ಮಾರ್ಕ್ ಅಥವಾ ತತ್ಸಮಾನ’ ಅನ್ನುವ ಮಾತು ಕಂಡರೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಮೊದಲನೆಯವರ ಕಾಗದದಲ್ಲಿ ಮೋಲ್ಡಿಗೆ 1:2:4 ಅಂತಿತ್ತು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಅದು ಎಂ15 ದರ್ಜೆಯ ಮಿಶ್ರಣ. ಕಂಬಿ ಹಾಕುವ ಕಾಂಕ್ರೀಟು ಎಂ20ಕ್ಕಿಂತ ಕಡಿಮೆ ಇರಬಾರದು ಅಂತ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ, ಅಂದರೆ ಸುಮಾರು 1:1½:3. ಹಾಗೇ ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ, ‘ಎಷ್ಟು ಟನ್ ಕಂಬಿ ಹಿಡಿದಿದ್ದೀರಿ?’ ನಮ್ಮ ಎಂಜಿನಿಯರ್ 6.8 ಟನ್ ಅಂತ ಲೆಕ್ಕ ಕೊಟ್ಟಿದ್ದರು. ಎರಡನೆಯವರು ಏಳು ಅಂದರು. ಮೂರನೆಯವರು ತಮ್ಮ ಡೈರಿ ತೆಗೆದು 6.9 ಅಂದರು. ಮೊದಲನೆಯವರು, ‘ಅದೆಲ್ಲಾ ಎಂಜಿನಿಯರ್ ಹೇಳ್ದಷ್ಟು ಹಾಕ್ತೀವಿ ಬಿಡಿ ಮೇಡಂ’ ಅಂದರು. ಡ್ರಾಯಿಂಗನ್ನು ಅವರು ಬಿಚ್ಚಿಯೇ ನೋಡಿರಲಿಲ್ಲ. ಕಂಬಿ ಬಂದಾಗ ತೂಕ ನೋಡಲು ಒಂದು ಸುಲಭದ ಲೆಕ್ಕವೂ ಇದೆ. ಮಿಲಿಮೀಟರಿನಲ್ಲಿ ದಪ್ಪದ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಕಂಬಿ ಮೀಟರಿಗೆ 0.89 ಕಿಲೋ, 12 ಮೀಟರಿನ ಒಂದು ಉದ್ದಕ್ಕೆ ಹತ್ತೂವರೆ ಕಿಲೋ ಮೇಲೆ.

‘ಮಾಡ್ಕೊಡ್ತೀವಿ ಬಿಡಿ’ ಅನ್ನುವ ಮಾತು ನಿಮಗೂ ಬಹಳ ಸಲ ಕೇಳಿಸುತ್ತದೆ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಆ ಹೊತ್ತಿಗೆ ಅವರಿಗೆ ಹಾಗೇ ಅನಿಸಿರುತ್ತದೆ. ‘ಹಾಗಾದ್ರೆ ಅದನ್ನೇ ಇಲ್ಲಿ ಬರೆದುಬಿಡಿ ಸರ್’ ಅಂತ ಪೆನ್ನು ಮುಂದಿಡಿ. ಬರೆಯುವವರು ಬರೆಯುತ್ತಾರೆ.

ಸೊನ್ನೆಗಳಿಗೆಲ್ಲ ಬೆಲೆ ಕಟ್ಟಿದೆ. ಸಂಪಿಗೆ ಲೀಟರಿಗೆ 20 ರೂಪಾಯಿಯಂತೆ 1,20,000. ಹಿಂದೆ, ಪಕ್ಕ ನೆರೆಯವರ ಕಾಂಪೌಂಡ್ ಇದ್ದದ್ದರಿಂದ ನಮಗೆ ಬೇಕಾದದ್ದು 70 ಅಡಿ, 1,12,000. ಗೇಟ್ 26,000. ಟ್ಯಾಂಕು, ಸ್ಟ್ಯಾಂಡು 30,000. ಪಾಯದ ಹೆಚ್ಚಿನ ಆಳಕ್ಕೆ 45,000. ಕಡಿಮೆ ಬಿದ್ದ 40 ಪಾಯಿಂಟಿಗೆ 900ರಂತೆ 36,000. ಟೈಲ್ಸಿನ 52,500. ಎಲ್ಲ ಸೇರಿ 4,21,500. ಮೊದಲನೆಯವರ 38 ಲಕ್ಷ 42,24,000 ಆಯಿತು. ಎರಡನೆಯವರಿಗೆ ಕಾಂಪೌಂಡ್, ಗೇಟ್, ಅವರ ಟೈಲ್ಸಿನ ವ್ಯತ್ಯಾಸ 30,000 ಸೇರಿಸಿ 41,17,000. ಮೂರನೆಯವರು ಬಿಟ್ಟಿದ್ದದ್ದು ಗೇಟ್ ಒಂದೇ, 41,26,000. ಎಲ್ಲಕ್ಕಿಂತ ಅಗ್ಗ ಅಂದುಕೊಂಡಿದ್ದು ಎಲ್ಲಕ್ಕಿಂತ ದುಬಾರಿಯಾಗಿ ಕೂತಿತ್ತು. ನೋಟ್‌ಬುಕ್ ನೋಡಿ ನಮ್ಮ ಮನೆಯವರು ಎರಡು ಸಲ ಕೂಡಿದರು.

ಈ ಲೆಕ್ಕಕ್ಕೆ ಮುಂಚೆ ಮೂವರಿಂದಲೂ ‘ಜಿಎಸ್‌ಟಿ ಸೇರಿ’ ಅಂತ ಬರೆಸಿಕೊಂಡಿದ್ದೆ. ಮೆಟೀರಿಯಲ್ ಸಮೇತ ಗುತ್ತಿಗೆಗೆ ಅದು 18 ಪರ್ಸೆಂಟ್, 38 ಲಕ್ಷದ ಮೇಲೆ ಆರೂಮುಕ್ಕಾಲು ಲಕ್ಷ ದಾಟುತ್ತದೆ. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಅಂತಿದ್ದರೆ ಮೇಲಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ಕಂಬಿ, ಸಿಮೆಂಟಿನ ಬೆಲೆ ಏರಿದರೆ ಯಾರು ಕೊಡಬೇಕು ಅನ್ನುವುದನ್ನೂ ಅಲ್ಲೇ ನೋಡಿ.

ಎರಡನೆಯವರಿಗೂ ಮೂರನೆಯವರಿಗೂ ಒಂಬತ್ತು ಸಾವಿರ ಅಂತರ. 41 ಲಕ್ಷದ ಕೆಲಸದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಇನ್ನು ದರ ಬಿಟ್ಟು ಕಂತು ನೋಡಿದೆ. ಎರಡನೆಯವರು ಗುದ್ದಲಿ ಪೂಜೆಗೆ 20 ಪರ್ಸೆಂಟ್, ಪ್ಲಿಂತಿಗೆ (ಪಾಯ ನೆಲಗಟ್ಟಿನ ಮಟ್ಟಕ್ಕೆ ಬಂದಾಗ) 20, ಮೊದಲ ಮೋಲ್ಡಿಗೆ 25, ಎರಡನೇ ಮೋಲ್ಡಿಗೆ 20 ಕೇಳಿದ್ದರು. ಅಂದರೆ ಎರಡನೇ ಮೋಲ್ಡ್ ಬಿದ್ದ ದಿನ ನೂರಕ್ಕೆ 85 ಅವರ ಕೈಯಲ್ಲಿ. ಗಾರೆ, ಬಾಗಿಲು, ಕಿಟಕಿ, ವೈರಿಂಗು, ಪೈಪು, ಟೈಲ್ಸು, ಬಣ್ಣ ಎಲ್ಲಕ್ಕೂ ನಮ್ಮ ಹತ್ತಿರ ಉಳಿಯುವುದು ಆರು ಲಕ್ಷಕ್ಕೂ ಕಡಿಮೆ. ಅದನ್ನು ಓದುವಾಗ ಅಣ್ಣನ ಬೋಳು ಕಾಲಮ್ಮುಗಳು ಕಣ್ಣಮುಂದೆ ಬಂದವು. ಕಂತು ಬದಲಾಯಿಸಿ ಅಂತ ಕೇಳಿದೆ, ಅವರು ಒಪ್ಪಲಿಲ್ಲ. ಮೂರನೆಯವರ ಜೊತೆ ಅರ್ಧ ದಿನ ಕೂತು 5, 15, 20, 15, 15, 15, 10, ಕೊನೆಗೆ 5 ಅಂತ ಮಾಡಿಕೊಂಡೆವು. ಎರಡನೇ ಮೋಲ್ಡಿನ ಹೊತ್ತಿಗೆ 55. ಕೊನೆಯ 5 ಒಂದು ಮಳೆಗಾಲ ಕಳೆದ ಮೇಲೆ. ಬ್ಯಾಂಕಿನವರೂ ಸಾಲವನ್ನು ಹಂತ ನೋಡಿಯೇ ಬಿಡುಗಡೆ ಮಾಡುವುದರಿಂದ ಈ ಕಂತು ಅದಕ್ಕೂ ಹೊಂದಿಕೊಂಡಿತು.

ಸಹಿ ಮಾಡುವ ಮೊದಲು ಅವರು ಕಟ್ಟುತ್ತಿದ್ದ ಒಂದು ಮನೆಗೆ ಹೇಳದೆ ಹೋದೆ, ಏಪ್ರಿಲ್ಲಿನ ಮಧ್ಯಾಹ್ನ ಎರಡು ಗಂಟೆಗೆ. ಕಾಲಮ್ಮುಗಳಿಗೆ ಗೋಣಿಚೀಲ ಸುತ್ತಿತ್ತು, ಮುಟ್ಟಿದರೆ ಒದ್ದೆ. ಮೋಲ್ಡಿನ ಮೇಲೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ಸಿಮೆಂಟ್ ಚೀಲಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲಿದ್ದವು. ಅಲ್ಲಿಂದ ಅವರು ಎರಡು ವರ್ಷದ ಹಿಂದೆ ಮುಗಿಸಿದ್ದ ಇನ್ನೊಂದು ಮನೆಗೆ ಹೋಗಿ ಆ ಮನೆಯ ಅಜ್ಜಿಯನ್ನು, ‘ಮಳೆ ಬಂದಾಗ ಎಲ್ಲಾದರೂ ಸೋರುತ್ತಾ ಅಮ್ಮ?’ ಅಂತ ಕೇಳಿದೆ. ‘ಒಂದ್ಸಲ ಸೋರ್ತು, ಫೋನ್ ಮಾಡಿದ್ವಿ, ಬಂದು ಸರಿ ಮಾಡಿಕೊಟ್ರು’ ಅಂದರು. ಏನೂ ಸೋರಲಿಲ್ಲ ಅಂದಿದ್ದರೂ ನನಗೆ ಇಷ್ಟು ಸಮಾಧಾನ ಆಗುತ್ತಿರಲಿಲ್ಲ.

ಅಗ್ರಿಮೆಂಟಿಗೆ ನನ್ನ ಆರು ಪುಟದ ಪಟ್ಟಿ, ಡ್ರಾಯಿಂಗು, ಕಂತಿನ ಪಟ್ಟಿ, ಜೊತೆಗೆ ಎಕ್ಸ್‌ಟ್ರಾ ಕೆಲಸದ ದರಪಟ್ಟಿ ಸೇರಿಸಿ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿದೆವು. ಎಕ್ಸ್‌ಟ್ರಾ ದರಪಟ್ಟಿಯನ್ನು ಮರೆಯಬೇಡಿ. ಒಂದು ಪಾಯಿಂಟ್ ಹೆಚ್ಚಾದರೆ ಎಷ್ಟು, ಒಂದು ಸಜ್ಜೆ ಹೆಚ್ಚಾದರೆ ಎಷ್ಟು ಅಂತ ಕೆಲಸ ಶುರುವಾಗುವ ಮೊದಲೇ ಬರೆದಿದ್ದರೆ ನಡುವೆ ಚೌಕಾಸಿಗೆ ನಿಲ್ಲಬೇಕಾಗಿಲ್ಲ.

ಮನೆಗೆ ಬಂದ ವರ್ಷ ಜುಲೈನಲ್ಲಿ ಹೆಡ್‌ರೂಮಿನ ಗೋಡೆಯಲ್ಲಿ ಅಂಗೈ ಅಗಲ ತೇವ ಕಾಣಿಸಿತು. ಫೋನ್ ಮಾಡಿದ ನಾಲ್ಕನೇ ದಿನ ಇಬ್ಬರು ಆಳು ಬಂದು ಗಾರೆ ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿ, ಮತ್ತೆ ಬಳಿದು ಹೋದರು. ದೀಪಾವಳಿ ಹಿಂದಿನ ದಿನ ಕಾಂಟ್ರಾಕ್ಟರನ್ನೂ ಅವರ ಮನೆಯವರನ್ನೂ ಊಟಕ್ಕೆ ಕರೆದು, ಉಳಿಸಿಕೊಂಡಿದ್ದ ಆ ಕೊನೆಯ ಕಂತಿನ ಚೆಕ್ ಎಲೆ ಅಡಿಕೆ ಜೊತೆ ಅವರ ಕೈಗಿಟ್ಟೆವು.