ಕೊಡಗಿಗೆ ಹೊಸಬರಾದ ಹೆಣ್ಣುಮಕ್ಕಳಿಗೆ: ಹೋಟೆಲು, ಫಿಟ್‌ನೆಸ್ ಕ್ಲಾಸು ಆರಿಸುವ ನನ್ನ ಕ್ರಮ

ಕೆಲಸದ ಮೇಲೋ ಮದುವೆಯಾಗಿಯೋ ಹೊರಗಿನಿಂದ ಕೊಡಗಿಗೆ ಬಂದವರು ಮೊದಲು ಹುಡುಕುವುದು ಎರಡು ಜಾಗ. ಒಂಟಿಯಾಗಿ ಕೂತು ನೆಮ್ಮದಿಯಿಂದ ಉಣ್ಣಲು ಒಂದು, ಮೈ ಬೆವರಿಸಲು ಇನ್ನೊಂದು. ಬೆಂಗಳೂರಿನಲ್ಲಾದರೆ ಎರಡಕ್ಕೂ ಆ್ಯಪ್ ತೆರೆದರೆ ಆಯಿತು. ಇಲ್ಲಿ ಆ್ಯಪಿನ ಸ್ಟಾರ್‌ಗಳನ್ನು ನಂಬಿ ಹೊರಟರೆ ಪ್ರವಾಸಿಗರ ಬಾಯಿರುಚಿ ಗೊತ್ತಾಗುತ್ತದೆಯೇ ಹೊರತು ಊರಿನದಲ್ಲ. ಬಸ್ಸಿನ ವೇಳೆ, ಮಳೆ, ಕಾಫಿ ಕೊಯ್ಲು ಈ ಮೂರನ್ನು ನೋಡಿಕೊಂಡೇ ಲೆಕ್ಕ ಹಾಕಬೇಕು. ಹೊಸ ಜಾಗ ಯಾವುದೇ ಇರಲಿ, ನಾನು ಮೊದಲು ಯೋಚಿಸುವುದು ಮುಗಿದ ಮೇಲೆ ಮನೆಗೆ ಹೇಗೆ ಬರುವುದು ಎಂದು.

ಮಡಿಕೇರಿಯಿಂದ ಕುಶಾಲನಗರವೂ ವಿರಾಜಪೇಟೆಯೂ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್. ನಕ್ಷೆಯಲ್ಲಿ ಹತ್ತಿರವೇ, ಆದರೆ ಘಟ್ಟದ ತಿರುವುಗಳಲ್ಲಿ ಮಂಜು ಇಳಿದರೆ ಆ ದೂರವೇ ದುಪ್ಪಟ್ಟು ಅನ್ನಿಸುತ್ತದೆ. ಹಾಗಾಗಿ ಕ್ಲಾಸು ಒಂದೂರಲ್ಲಿ, ಊಟ ಇನ್ನೊಂದೂರಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ದಿನಕ್ಕೆ ಒಂದೇ ಊರು: ಬೆಳಿಗ್ಗೆ ಅಥವಾ ಹತ್ತೂವರೆಯ ಬ್ಯಾಚಿನಲ್ಲಿ ಕ್ಲಾಸು, ಅಲ್ಲೇ ಮಧ್ಯಾಹ್ನದ ಊಟ, ಬೆಳಕಿರುವಾಗಲೇ ವಾಪಸು. ಸಂಜೆ ಆರೂವರೆಗೆ ಶುರುವಾಗುವ ಕ್ಲಾಸು ಎಷ್ಟೇ ಚೆನ್ನಾಗಿರಲಿ, ಸ್ವಂತ ಗಾಡಿ ಇಲ್ಲದವರಿಗೆ ಅದು ಒಗ್ಗದು. ಹೊತ್ತು ಮುಳುಗಿದ ಮೇಲೆ ಒಳಊರುಗಳಿಗೆ ಬಸ್ಸು ವಿರಳ. ಆಟೋದವರಲ್ಲಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು, ಮಳೆಯಲ್ಲಿ ನಿಂತು ಚೌಕಾಸಿ ಮಾಡಿದರೆ ನಾವೇ ಸೋಲುತ್ತೇವೆ.

ಕ್ಲಾಸೇ ಬೇಡ, ಓಡಿದರೆ ಸಾಕು ಎನ್ನುವವರಿಗೆ ಒಂದು ಮಾತು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆಯ ತೋಟದ ರಸ್ತೆಗಳಲ್ಲಿ ನಸುಕಿಗೂ ಮುಸ್ಸಂಜೆಗೂ ಆನೆ ಇರುತ್ತದೆ. ಅಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವುದೆಂದರೆ ಬುದ್ಧಿಗೇಡಿತನ. ಪೇಟೆಯ ಒಳಗಿನ ಮೈದಾನ, ಇಲ್ಲವೇ ಬೆಳಕು ಚೆನ್ನಾಗಿ ಹರಿದ ಮೇಲಿನ ದೊಡ್ಡ ರಸ್ತೆಯೇ ಸರಿ. ಎಲ್ಲಿ ಆನೆ ಇಳಿದಿದೆ ಎಂಬುದು ತೋಟದ ಕೆಲಸಕ್ಕೆ ಹೋಗುವವರಿಗೆ ಮೊದಲು ಗೊತ್ತಿರುತ್ತದೆ, ಕೇಳಿಕೊಂಡೇ ಹೊರಡುವುದು.

ಇನ್ನು ಕ್ಲಾಸಿನ ವಿಷಯ. ಫೋನಿನಲ್ಲಿ ಫೀಸು ಕೇಳಿ ನಿರ್ಧರಿಸುವುದಿಲ್ಲ. "ಒಂದು ದಿನ ಬಂದು ಮಾಡಿ ನೋಡ್ತೀನಿ, ಆ ದಿನದ ದುಡ್ಡು ಕೊಡ್ತೀನಿ" ಎಂದು ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಒಪ್ಪದೆ ಮೂರು ತಿಂಗಳ ಫೀಸನ್ನೇ ಮುಂದಿಟ್ಟರೆ ಅಲ್ಲಿಗೆ ಕೈಬಿಡುತ್ತೇನೆ. ನೋಡಲು ಹೋಗುವುದೂ ಮುಂದೆ ನಿಜವಾಗಿ ಹೋಗುವ ವೇಳೆಗೇ ಆಗಬೇಕು. ಭಾನುವಾರ ಬೆಳಿಗ್ಗೆ ತೋರಿಸುವ ಡೆಮೊ ಕ್ಲಾಸಿಗೂ ಬುಧವಾರ ಸಂಜೆಯ ನಿಜವಾದ ಕ್ಲಾಸಿಗೂ ಅಜಗಜಾಂತರ.

ಹತ್ತು ನಿಮಿಷ ಮೊದಲೇ ಹೋಗಿ ನೆಲ ನೋಡಿ. ಮರದ ಹಲಗೆಯೋ ರಬ್ಬರ್ ಹಾಸೋ ಇದ್ದರೆ ಒಳ್ಳೆಯದು. ಇಲ್ಲಿ ಬಹಳಷ್ಟು ಕಡೆ ಸಿಗುವುದು ಟೈಲ್ಸ್ ಅಥವಾ ಸಿಮೆಂಟು. ಅಂಥ ನೆಲದಲ್ಲಿ ವಾರಕ್ಕೆ ಮೂರು ದಿನ ಜುಂಬಾ ಎಂದು ಕುಣಿದರೆ ಮೊಣಕಾಲಿನ ಕೆಳಗಿನ ಮುಂಗಾಲೆಲುಬಿನ ಉದ್ದಕ್ಕೂ ನೋವು ಹಿಡಿಯುತ್ತದೆ. ಜಿಗಿಯಬೇಕಾದ ಕಡೆಯಲ್ಲೆಲ್ಲ ಹೆಜ್ಜೆ ಹಾಕಿ ಮುಗಿಸಿ. ಟೀಚರ್ ಒಳ್ಳೆಯವರಾದರೆ ಅವರೇ ಆ ಬದಲಿಯನ್ನು ತೋರಿಸುತ್ತಾರೆ. ಶೂ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಆಳದ ಹಲ್ಲಿರುವ ರನ್ನಿಂಗ್ ಶೂ ನೆಲವನ್ನು ಕಚ್ಚಿ ಹಿಡಿಯುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಆ ತಿರುಚು ಪೂರಾ ಮಂಡಿಗೆ. ಕುಣಿತದ ಕ್ಲಾಸಿಗೆ ಹಲ್ಲು ಕಡಿಮೆ ಇರುವ, ಮೆತ್ತನೆ ಅಟ್ಟೆಯ ಶೂ ಬೇಕು.

ಮಡಿಕೇರಿಯ ಡಿಸೆಂಬರ್, ಜನವರಿ ಬೆಳಗಿನ ಚಳಿಯಲ್ಲಿ ಐದು ನಿಮಿಷದ ವಾರ್ಮ್‌ಅಪ್ ಸಾಲದು, ಹತ್ತು ನಿಮಿಷವಾದರೂ ಬೇಕು. ಕ್ಲಾಸು ನಿಮಗೆ ಹೆಚ್ಚಾಯಿತೋ ಹದವಾಯಿತೋ ತಿಳಿಯಲು ಗಡಿಯಾರ ಕಟ್ಟಿಕೊಳ್ಳಬೇಕಿಲ್ಲ. ಒಂದು ಪೂರ್ತಿ ವಾಕ್ಯ ಮಾತಾಡಲು ಬಂದರೆ ಹದ, ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ಜೋರು. ಮೊದಲ ವಾರ ಹದದಲ್ಲೇ ಇರಿ. ಜಿಮ್ಮಿನಲ್ಲಾದರೆ, ಹನ್ನೆರಡು ಸಲ ಎತ್ತಿದ ಮೇಲೂ ಇನ್ನು ಎರಡು ಮೂರು ಸಲ ಎತ್ತಬಹುದಿತ್ತು ಅನ್ನಿಸುವ ತೂಕ ಹಿಡಿದು ಎರಡು ಸೆಟ್ ಸಾಕು. ಮೈಕೈ ನೋವು ಜೋರಾಗುವುದು ಮಾರನೆಯ ದಿನ, ಅದರ ಮಾರನೆಯ ದಿನ. ಅದನ್ನು ನೋಡಿಕೊಂಡೇ ತಿಂಗಳ ಫೀಸು ಕಟ್ಟಬೇಕು, ಕ್ಲಾಸು ಮುಗಿದ ಉತ್ಸಾಹದಲ್ಲಲ್ಲ.

ಟೀಚರ ಕಾಗದ ಕೇಳಲು ಸಂಕೋಚ ಬೇಡ. ಜುಂಬಾ ಎಂಬ ಹೆಸರಿನಲ್ಲಿ ಕಲಿಸಲು ಲೈಸೆನ್ಸ್ ಬೇಕು, ಹೆಸರು ಹಾಕಿ ಜುಂಬಾದ ವೆಬ್‌ಸೈಟಿನಲ್ಲೇ ನೋಡಬಹುದು. ಆದರೆ ಅದು ಒಂದೆರಡು ದಿನದ ತರಬೇತಿಯ ಲೈಸೆನ್ಸು, ಕುಣಿಸಲು ಬರುತ್ತದೆ ಎಂಬುದಕ್ಕೆ ಪುರಾವೆ ಅಷ್ಟೆ. ಮಂಡಿನೋವು, ಬೆನ್ನುನೋವು, ಹೆರಿಗೆಯ ನಂತರದ ಹೊಟ್ಟೆ ಇಂಥದ್ದಕ್ಕೆ ಸಲಹೆ ಕೇಳುವುದು ಅಲ್ಲಲ್ಲ. ಯೋಗಕ್ಕಾದರೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪ್ರಮಾಣಪತ್ರ ಇದೆಯೇ ಎಂದು ಕೇಳಬಹುದು. ಇಲ್ಲದವರೆಲ್ಲ ಕೆಟ್ಟ ಗುರುಗಳು ಎಂದೇನಲ್ಲ. ಹೊಸಬರನ್ನು ಮೊದಲ ದಿನವೇ ಶೀರ್ಷಾಸನಕ್ಕೆ ನಿಲ್ಲಿಸುವವರನ್ನು ಮಾತ್ರ ದೂರ ಇಡಿ, ಪ್ರಮಾಣಪತ್ರ ಇದ್ದರೂ.

ಆಸನ ತಿದ್ದುವಾಗ ಮೈ ಮುಟ್ಟುವುದು ಇಷ್ಟವಿಲ್ಲದಿದ್ದರೆ ಕ್ಲಾಸಿಗೆ ಮೊದಲೇ "ಸರ್, ಮುಟ್ಟಬೇಡಿ, ಬಾಯಲ್ಲಿ ಹೇಳಿ, ನಾನೇ ಸರಿ ಮಾಡ್ಕೊಳ್ತೀನಿ" ಎನ್ನಿ. ನಡುವೆ ಹೇಳುವುದಕ್ಕಿಂತ ಸುಲಭ. ಸಿಸಿ ಕ್ಯಾಮೆರಾ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಒಮ್ಮೆ ಕಣ್ಣಾಡಿಸಿ. ಬಟ್ಟೆ ಬದಲಿಸುವ ಕೋಣೆಯ ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದೂ ನೋಡಿ. ವಾಟ್ಸಾಪ್ ಗ್ರೂಪಿಗೆ ಸೇರಿಸುವ ಮುನ್ನ ಹೆಂಗಸರದ್ದೇ ಗ್ರೂಪು ಬೇರೆ ಇದೆಯೇ ಎಂದು ಕೇಳುವುದು ಒಳ್ಳೆಯದು. ಚಿಕ್ಕ ಊರು, ನಂಬರು ಒಮ್ಮೆ ಹೊರಬಿದ್ದರೆ ಹೂವಿನ ಅಂಗಡಿಯವರೆಗೂ ಹೋಗುತ್ತದೆ.

ಫೀಸನ್ನು ತಿಂಗಳಿಗಿಂತ ಹೆಚ್ಚು ಮುಂಗಡ ಕಟ್ಟಬೇಡಿ ಎನ್ನಲು ಕಾರಣ ಇಲ್ಲಿನ ಪಂಚಾಂಗ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್. ತೋಟದ ಮನೆಯ ಹೆಂಗಸರು ಆಗ ಕ್ಲಾಸಿಗೆ ಬರುವುದು ಅಪರೂಪ. ಏಪ್ರಿಲ್, ಮೇ ಬಂತೆಂದರೆ ಮದುವೆಗಳು, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಬೇರೆ. ಜೂನಿನಿಂದ ಮಳೆ. ಆರೆಂಟು ಜನ ಖಾಯಂ ಬರದ ಗುಂಪು ಬಹಳ ಕಾಲ ನಡೆಯದು. ಹಾಗಾಗಿ ಕ್ಲಾಸಿನ ಹಾಜರಿ ಹೇಗಿದೆ ಎಂದು ತಿಳಿಯಲು ಸೆಪ್ಟೆಂಬರ್, ಅಕ್ಟೋಬರಿನ ಗುಂಪನ್ನು ನೋಡಿ ಖುಷಿಪಡಬಾರದು. "ಜನವರಿಯಲ್ಲಿ ಎಷ್ಟು ಜನ ಇದ್ರು?" ಎಂದು ಹಳಬರನ್ನು ಕೇಳಬೇಕು.

ಮಳೆಗಾಲ ತನ್ನದೇ ಲೋಕ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕುಶಾಲನಗರದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಆಚೆ ಆಡುವ ಆಟವನ್ನೇ ನೆಚ್ಚಿಕೊಂಡವರಿಗೆ ಆ ನಾಲ್ಕು ತಿಂಗಳು ಅದೇ ವಾಸಿ. ಒಳಗೆ ಮಾಡುವವರಿಗೆ ಕರೆಂಟಿನ ತಾಪತ್ರಯ. ಟ್ರೆಡ್‌ಮಿಲ್ ಮೇಲೆ ಓಡುವಾಗ ಕರೆಂಟು ಹೋದರೆ ಪಟ್ಟಿ ತಟ್ಟನೆ ನಿಲ್ಲುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಅಕ್ಕಪಕ್ಕದ ಅಂಚಿನ ಮೇಲೆ ಕಾಲಿಟ್ಟು ನಿಂತು, ಸೇಫ್ಟಿ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿ, ಆಮೇಲೆ ಪಟ್ಟಿ ಚಾಲೂ ಮಾಡಿ. ಲೈಟು ಕಣ್ಣು ಮಿಟುಕಿಸತೊಡಗಿದರೆ ಓಡುವುದನ್ನು ಬಿಟ್ಟು ಕಂಬಿ ಹಿಡಿದು ನಡೆಯುವ ವೇಗಕ್ಕೆ ಇಳಿಸಿ. ಕರೆಂಟು ಹೋದಾಗಲಂತೂ ಕೆಳಗಿಳಿದೇ ಕಾಯುವುದು. ಜನರೇಟರ್ ಇದೆ ಎಂದರೆ ಅದು ಲೈಟಿಗೆ ಮಾತ್ರವೋ ಯಂತ್ರಗಳಿಗೂ ಉಂಟೋ ಎಂದು ಬಿಡಿಸಿ ಕೇಳಿ.

ಯೋಗದ ಮ್ಯಾಟು ಈ ತೇವಕ್ಕೆ ಒಂದೇ ವಾರದಲ್ಲಿ ಬೂಸಲು ಹಿಡಿಯುತ್ತದೆ. ಸುತ್ತಿಟ್ಟರೆ ಕೆಟ್ಟಿತು ಎಂದೇ ಲೆಕ್ಕ. ಪಿವಿಸಿ ಮ್ಯಾಟಾದರೆ ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ಒರೆಸಿ, ಫ್ಯಾನಿನ ಕೆಳಗೆ ನೇತುಹಾಕಿ. ಒದ್ದೆ ಶೂಗೆ ಪೇಪರ್ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ. ಹಾಲ್‌ಗೆ ಬೇರೆ ಶೂ, ದಾರಿಗೆ ಬೇರೆ ಚಪ್ಪಲಿ ಇರಲೇಬೇಕು, ಒದ್ದೆ ಅಟ್ಟೆ ಟೈಲ್ಸ್ ಮೇಲೆ ಜಾರುತ್ತದೆ.

ಕ್ಲಾಸಿನ ನಂತರವೇ ಊಟ ಎಂದೆನಲ್ಲ, ಅದಕ್ಕೆ ಕಾರಣ ಇಲ್ಲಿನ ಅಡುಗೆಯೇ. ಪಂದಿ ಕರಿ ಎಂದರೆ ಹಂದಿಮಾಂಸದ ಸಾರು; ಕೊಬ್ಬಿನ ಊಟ, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಅದನ್ನು ಉಂಡು ಮೂರು ಗಂಟೆಯಾದರೂ ಕಳೆಯದೆ ಜಿಗಿದರೆ ಹುಳಿತೇಗು ಖಂಡಿತ. ಕ್ಲಾಸಿಗೆ ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ಬೆಲ್ಲದ ಕಾಫಿ ಸಾಕು.

ಹೊಸ ಹೋಟೆಲಿಗೆ ಹೋಗಲು ಮಂಗಳವಾರದಿಂದ ಗುರುವಾರ, ಮಧ್ಯಾಹ್ನ ಹನ್ನೆರಡೂವರೆ ಒಳ್ಳೆಯ ಹೊತ್ತು. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ತುಂಬಿರುತ್ತವೆ, ಆಗ ಅಡುಗೆಮನೆಯವರಿಗೆ ಕೈ ತೊಳೆಯಲೂ ಬಿಡುವಿರದು, ಅಂದಿನ ರುಚಿಯಿಂದ ಯಾವ ಹೋಟೆಲನ್ನೂ ಅಳೆಯಬಾರದು. ಕೊಡವ ಅಡುಗೆ ಸಿಗುವ ಅನೇಕ ಕಡೆ ಬಾರ್ ಜೊತೆಗೇ ಇರುತ್ತದೆ. ಒಬ್ಬರೇ ಹೋಗುವಾಗ ಫ್ಯಾಮಿಲಿ ಸೆಕ್ಷನ್ ಎಲ್ಲಿದೆ ಎಂದು ಬಾಗಿಲಲ್ಲೇ ಕೇಳಿ, ಬಾರಿನ ಹಾದಿಯಲ್ಲೇ ಹೋಗಬೇಕಾದರೆ ಮಧ್ಯಾಹ್ನವೇ ಸರಿ. ಕೂರುವ ಮೊದಲು ಕೈ ತೊಳೆಯುವ ನೆಪದಲ್ಲಿ ಟಾಯ್ಲೆಟ್ ನೋಡಿಬಿಡಿ. ನಾನು ಎದ್ದು ಬರುವುದು ಹೆಚ್ಚಾಗಿ ಆ ಹಂತದಲ್ಲೇ.

ಮೊದಲ ಸಲ ಎರಡೇ ಐಟಂ ಹೇಳಿ: ಪಂದಿ ಕರಿ, ಕಡಂಬುಟ್ಟು. ಇವೆರಡು ಸರಿ ಇದ್ದ ಹೋಟೆಲಿನಲ್ಲಿ ಉಳಿದದ್ದನ್ನು ನಂಬಬಹುದು. ಪಂದಿ ಕರಿಯ ಬಣ್ಣ ಕಪ್ಪಿಗೆ ತಿರುಗಿದ ಕಂದು. ಆ ಕಪ್ಪು ಬರುವುದು ಕಾಳುಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆಗಳನ್ನು ಕಪ್ಪಾಗುವಷ್ಟು ಹುರಿದು ಮಾಡಿದ ಪುಡಿಯಿಂದ, ಹಣ್ಣಿನ ರಸವನ್ನು ಮಂದವಾಗುವ ತನಕ ಕುದಿಸಿ ಇಳಿಸಿದ ಕಾಚಂಪುಳಿಯಿಂದ. ಕೆಂಪಾಗಿ ಟೊಮೆಟೊ ತೇಲುತ್ತಿದ್ದರೆ ಅದು ಬೇರೇನೋ ಕರಿ, ರುಚಿ ಇದ್ದರೂ ಇರಬಹುದು. ಕಾಚಂಪುಳಿ ಕೊನೆಗೆ ಬೀಳುವ ಹುಳಿ. ತುತ್ತು ನುಂಗುವಾಗ ತಡವಾಗಿ ನಾಲಿಗೆಯ ಬದಿಗೆ ತಿಳಿಯಬೇಕು. ಬಾಯಿಗಿಟ್ಟೊಡನೆ ಮೂಗಿಗೆ ಏರಿದರೆ ವಿನೆಗರ್ ಹಾಕಿದ್ದಾರೆ ಎಂದರ್ಥ. ಗಂಟಲಲ್ಲಿ ಕಹಿ ಉಳಿದರೆ ಮಸಾಲೆ ಹುರಿಯುವಾಗ ಸೀದಿದೆ. ತೊಗಲು, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿರುವುದು ಲಕ್ಷಣ, ತೊಗಲು ಬೆರಳಲ್ಲಿ ಒತ್ತಿದರೆ ಬಗ್ಗಬೇಕು. ನಿನ್ನೆಯ ಕರಿ ಎಂದು ಬೇಸರ ಬೇಡ, ಮಾರನೆಯ ದಿನಕ್ಕೆ ಹುಳಿ ಖಾರ ಹಿಡಿದು ರುಚಿ ಏರುತ್ತದೆ. ಉಗುರುಬೆಚ್ಚಗೆ ಬಂದರೆ ಮಾತ್ರ ಕುದಿಸಿ ತರಲು ಹೇಳಿ, ಒಳಗೆ ಕೆಂಪು ಕಂಡರೆ ಮುಟ್ಟಲೇಬೇಡಿ.

ಕಡಂಬುಟ್ಟು ಅಕ್ಕಿತರಿಯ ಹಬೆ ಉಂಡೆ. ಮುರಿದಾಗ ಹಬೆ ಬರಬೇಕು, ತರಿ ಬಿಡಿಬಿಡಿಯಾಗಿ ಕಂಡರೂ ಉದುರಬಾರದು. ಹೊರಪದರ ಒಣಗಿ ಗಟ್ಟಿಯಾಗಿದ್ದರೆ ಬೆಳಗಿನದು. ಎರಡು ಉಂಡೆಗೆ ಶುರುಮಾಡಿ, ಅದು ಹೊಟ್ಟೆಯಲ್ಲಿ ಕೂರುವ ಭಾರ ತಡವಾಗಿ ತಿಳಿಯುತ್ತದೆ.

ಮಾಂಸ ತಿನ್ನದವರಿಗೂ ಇಲ್ಲಿ ಕೊರತೆಯಿಲ್ಲ, ಮೆನುವಿನಲ್ಲಿ ಬರೆದಿರುವುದಿಲ್ಲ ಅಷ್ಟೆ. "ಅಕ್ಕಾ, ಇವತ್ತು ಸಸ್ಯಾಹಾರಿ ಏನುಂಟು?" ಎಂದು ಕೇಳಿದರೆ ನೂಪುಟ್ಟು ಎಂದರೆ ಅಕ್ಕಿ ಶ್ಯಾವಿಗೆ, ಪಾಪುಟ್ಟು ಎಂದರೆ ಅಕ್ಕಿತರಿ, ಹಾಲು ಹಾಕಿ ಹಬೆಯಲ್ಲಿ ಬೇಯಿಸಿದ್ದು, ಕುಮ್ಮು ಕರಿ ಎಂದರೆ ಅಣಬೆ, ಬೈಂಬಳೆ ಎಂದರೆ ಕಣಿಲೆ, ಬೇಸಿಗೆಯಾದರೆ ಕಾಡುಮಾವಿನ ಕರಿ ಹೊರಬರುತ್ತವೆ. ಅದೇ ಸೌಟು, ಅದೇ ಎಣ್ಣೆ ಬಳಸುತ್ತಾರೆಯೇ ಎಂಬುದು ಕಟ್ಟುನಿಟ್ಟಿನವರು ಕೇಳಬೇಕಾದ ಪ್ರಶ್ನೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಬೇಯಿಸಿದರಷ್ಟೇ ಅದು ಹೋಗುತ್ತದೆ. ಕಹಿ ಇದ್ದರೆ ತಟ್ಟೆ ಪಕ್ಕಕ್ಕಿಡಿ. ಕಾಡಿನ ಅಣಬೆಯನ್ನು ಹೊಸ ಹೋಟೆಲಿನಲ್ಲಿ ನಾನು ತಿನ್ನುವುದಿಲ್ಲ, ಗುರುತಿದ್ದವರ ಮನೆಯಲ್ಲಾದರೆ ಬಿಡುವುದೂ ಇಲ್ಲ.

ಆಗಸ್ಟ್ 3ರ ಆಸುಪಾಸು, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಮದ್ದುಸೊಪ್ಪಿನ ಪಾಯಸ ಸಿಗುತ್ತದೆ. ನೇರಳೆ ಬಣ್ಣದ್ದು. ಉಂಡ ಮೇಲೆ ಮೂತ್ರ ಕೆಂಪಾದರೆ ಗಾಬರಿಯಾಗಿ ಡಾಕ್ಟರ ಬಳಿ ಓಡಬೇಡಿ, ಅದು ಸೊಪ್ಪಿನ ಬಣ್ಣ.

ವಿರಾಜಪೇಟೆಯ ಕಡೆ ಮಲಯಾಳಿ ಊಟದ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಕುಶಾಲನಗರ ದಾಟಿದರೆ ಬೈಲಕುಪ್ಪೆ, 1961ರಿಂದ ಟಿಬೆಟನ್ನರು ನೆಲೆಸಿದ ಜಾಗ. ಅದು ಮೈಸೂರು ಜಿಲ್ಲೆಗೆ ಸೇರಿದ್ದರೂ ನಮ್ಮ ವಾರದ ಸುತ್ತಿನೊಳಗೇ ಬರುತ್ತದೆ. ಬೆವರಿಳಿಸಿದ ಮೇಲೆ ಬಿಸಿ ತುಕ್ಪಾ, ಅಂದರೆ ಟಿಬೆಟನ್ನರ ನೂಡಲ್ಸ್ ಸೂಪು, ಹಿತ, ಉಪ್ಪು ನೀರು ಎರಡೂ ಹೊಟ್ಟೆಗೆ ಹೋಗುತ್ತದೆ. ಮೋಮೊ ಹೇಳುವಾಗ ಒಳಗಿನ ಕೈಮಾ ಯಾವುದರದ್ದು ಎಂದು ಕೇಳಲೇಬೇಕು. ವಿದೇಶಿ ಪಾಸ್‌ಪೋರ್ಟಿನ ಗೆಳತಿಯರನ್ನು ಕರೆದೊಯ್ಯುವುದಾದರೆ, ಅವರು ವಸಾಹತಿನೊಳಗೆ ರಾತ್ರಿ ತಂಗಲು ಪರವಾನಗಿ ಬೇಕು ಎಂಬುದು ನೆನಪಿರಲಿ.

ದುಡ್ಡಿನ ವಿಷಯದಲ್ಲಿ ಫೋನನ್ನೇ ನೆಚ್ಚಿಕೊಳ್ಳಬಾರದು. ಮಳೆಗಾಲದಲ್ಲಿ ಟವರ್ ಹೋದರೆ ಯುಪಿಐ ಇಲ್ಲ, ಎಟಿಎಂ ಕೂಡ ಇಲ್ಲದೆ ಇರಬಹುದು. ಐನೂರು ರೂಪಾಯಿಯಷ್ಟು ಚಿಲ್ಲರೆ ನೋಟು, ಆಟೋಗೆ ಬೇರೆ, ಪರ್ಸಿನ ಬೇರೆ ಬೇರೆ ಅರೆಗಳಲ್ಲಿ. ಮೊಬೈಲಿನಲ್ಲಿ ಸಿಗ್ನಲ್ ಇದ್ದಷ್ಟು ಹೊತ್ತು ತುರ್ತು ಸಹಾಯದ ನಂಬರು 112 ಕೆಲಸ ಮಾಡುತ್ತದೆ.

ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಸುಗ್ಗಿಯ ಪುತ್ತರಿ ಎಂಬ ಇಲ್ಲಿನ ಹಬ್ಬಗಳ ದಿನಗಳಲ್ಲಿ ಮನೆಮಂದಿಯೇ ನಡೆಸುವ ಹೋಟೆಲುಗಳು ಮುಚ್ಚಿರುತ್ತವೆ, ಟೀಚರೂ ಊರಿಗೆ ಹೋಗಿರುತ್ತಾರೆ. ಪುತ್ತರಿಯ ದಿನ ವರ್ಷ ವರ್ಷ ಬದಲಾಗುವುದರಿಂದ ನವೆಂಬರ್ ಕೊನೆ, ಡಿಸೆಂಬರಿಗೆ ಫೀಸು ಕಟ್ಟುವಾಗ ರಜೆಯ ದಿನಗಳನ್ನು ಮುಂದಿನ ತಿಂಗಳಿಗೆ ಸೇರಿಸಿಕೊಡುತ್ತಾರೆಯೇ ಎಂದು ಕೇಳಿ, ರಸೀದಿಯ ಮೇಲೆಯೇ ಬರೆಸಿಕೊಳ್ಳಿ.