ಅಟ್ಟದಿಂದ ಇಳಿದ ಸಾಮಾನುಗಳ ದಾರಿ

ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದು ನಮ್ಮ ತೀರ್ಥಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ತಪ್ಪದ ಕೆಲಸ. ಹೋದ ಬೇಸಿಗೆಯಲ್ಲಿ ಹೆಂಚನ್ನು ಹೊರುವ ಮರದ ಪಕಾಸು, ರೀಪುಗಳನ್ನೂ ಬದಲಾಯಿಸಬೇಕಾಗಿ ಬಂದದ್ದರಿಂದ ಅಟ್ಟವನ್ನು ಪೂರ್ತಿ ಖಾಲಿ ಮಾಡಲೇಬೇಕಾಯಿತು. 'ಇರಲಿ ಬಿಡು, ಯಾವುದಕ್ಕಾದರೂ ಬರುತ್ತೆ' ಎನ್ನುತ್ತ ಅತ್ತೆಯವರು 30 ವರ್ಷಗಳಿಂದ ಮೇಲೇರಿಸಿದ್ದೆಲ್ಲ ಎರಡೇ ದಿನದಲ್ಲಿ ಅಂಗಳಕ್ಕೆ ಇಳಿಯಿತು. ಅಡಿಕೆ ಒಣಗಿಸುವ ಕಾಲ ಮುಗಿದು ಅಂಗಳ ಖಾಲಿ ಇದ್ದದ್ದು ನಮ್ಮ ಪುಣ್ಯ.

ಗುಜರಿಯವರನ್ನು ಕರೆದು ಒಟ್ಟಿಗೆ ತೂಗಿಸಿಬಿಡೋಣ ಎಂದು ಮನೆಯವರು ಹೇಳಿದರು. ನಾನು ಒಪ್ಪಲಿಲ್ಲ. ಕೆಲವು ವರ್ಷಗಳ ಹಿಂದೆ ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಹೀಗೆಯೇ ಕೊಟ್ಟಿದ್ದೆವು. ಹೊರಲು ಭಾರವಾಗುತ್ತದೆಂದು ಆ ಮನುಷ್ಯ ನಾವು ಒಳಗೆ ಹೋಗಿ ದುಡ್ಡಿನ ಲೆಕ್ಕ ಮಾಡುವಷ್ಟರಲ್ಲಿ ಅದರ ಆಸಿಡ್ಡನ್ನೆಲ್ಲ ಬೇಲಿಯ ಬುಡಕ್ಕೆ ಸುರಿದಿದ್ದ. ಹದಿನೈದು ದಿನಗಳೊಳಗೆ ದಾಸವಾಳದ ಮೂರು ಗಿಡಗಳು ಒಣಗಿದವು. ಆ ಜಾಗದಲ್ಲಿ ಎರಡು ಮಳೆಗಾಲ ಹುಲ್ಲೂ ಏಳಲಿಲ್ಲ. ಆಸಿಡ್ಡಿನ ಜೊತೆಗೆ ಸೀಸವೂ ಮಣ್ಣಿಗೆ ಇಳಿದಿರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಳೆಯದನ್ನು ಆಸಿಡ್ ಸಹಿತ ನೆಟ್ಟಗೆ ನಿಲ್ಲಿಸಿಕೊಂಡು ಒಯ್ದರೆ ಬೆಲೆಯಲ್ಲಿ ಕಳೆದುಕೊಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಆದ್ದರಿಂದ ಈ ಸಲ ಯಾವ ಸಾಮಾನು ಎಲ್ಲಿಗೆ ಹೋಗಬೇಕು ಎಂಬುದನ್ನು ಅಂಗಳದಲ್ಲಿಯೇ ತೀರ್ಮಾನಿಸಿ, ಆಮೇಲೆ ಗುಜರಿಯವರಿಗೆ ಹೇಳಿಕಳುಹಿಸುವುದೆಂದು ನಿಶ್ಚಯಿಸಿದೆ.

ಲೋಹದಿಂದ ಶುರುಮಾಡಿದೆ. ಕೆಟ್ಟ ರೇಡಿಯೋದ ಸ್ಪೀಕರಿನ ಹಿಂಬದಿಯ ಅಯಸ್ಕಾಂತವನ್ನು ಕಿತ್ತು, ದಾರಕ್ಕೆ ಕಟ್ಟಿ, ಒಂದೊಂದೇ ಪಾತ್ರೆಗೆ ಹಿಡಿಯುತ್ತ ಬಂದೆ. ಕಬ್ಬಿಣಕ್ಕೆ ಅದು ಥಟ್ಟನೆ ಕಚ್ಚಿಕೊಳ್ಳುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳಿಗೆ ಅಂಟುವುದಿಲ್ಲ, ಸ್ಟೀಲಿನ ತಟ್ಟೆ ಲೋಟಗಳಲ್ಲಿಯೂ ಬಹಳಷ್ಟಕ್ಕೆ ಅಂಟುವುದಿಲ್ಲ. ಅತ್ತೆಯವರು ಅಪ್ಪಟ ಹಿತ್ತಾಳೆಯೆಂದು ಬಟ್ಟೆ ಸುತ್ತಿ ಇಟ್ಟಿದ್ದ ದೀಪದ ಕಂಬಕ್ಕೆ ಅಯಸ್ಕಾಂತ ಕಚ್ಚಿಕೊಂಡಾಗ ಅವರ ಮುಖ ನೋಡಬೇಕಿತ್ತು. ಜಾತ್ರೆಯಲ್ಲಿ ಕೊಂಡದ್ದಂತೆ, ಮೇಲೆ ಲೇಪ, ಒಳಗೆಲ್ಲ ಕಬ್ಬಿಣ. ಅಲ್ಯೂಮಿನಿಯಂ ಪಾತ್ರೆಗೆ ಕಬ್ಬಿಣದ ಹಿಡಿಯೋ ಸ್ಕ್ರೂವೋ ಉಳಿದಿದ್ದರೆ ಬೆರಕೆ ಮಾಲು ಎಂದು ದರ ಇಳಿಸುತ್ತಾರಾದ್ದರಿಂದ ಅವನ್ನೆಲ್ಲ ಬಿಚ್ಚಿ ಬೇರೆ ಮಾಡಿದೆ. ಹಳೆಯ ವಯರುಗಳನ್ನು ಸುಟ್ಟು ತಾಮ್ರ ತೆಗೆಯುವ ರೂಢಿ ಕೆಲವರಲ್ಲಿದೆ. ಆ ಹೊಗೆ ವಿಷ, ಆದ್ದರಿಂದ ವಯರನ್ನು ಸಿಪ್ಪೆಯ ಸಮೇತ ಸುರುಳಿ ಸುತ್ತಿ ಕೊಟ್ಟೆ. ತೂತು ಬಿದ್ದಿದ್ದ ತಾಮ್ರದ ಹಂಡೆಯನ್ನು ಮಾತ್ರ ಮಾರಲಿಲ್ಲ. ಬೆಸುಗೆ ಹಾಕಿಸಿದ ಮೇಲೆ ಅದು ಮತ್ತೆ ಬಚ್ಚಲೊಲೆಯ ಮೇಲೆ ಕುಳಿತಿದೆ.

ಮಲೆನಾಡಿನಲ್ಲಿ ಕಾಗದಕ್ಕೆ ದೊಡ್ಡ ಶತ್ರು ತೇವ. ವಾರಪತ್ರಿಕೆಗಳ ಕಟ್ಟುಗಳು ಥಂಡಿ ಹಿಡಿದು ಇಟ್ಟಿಗೆಯಂತೆ ಅಂಟಿಕೊಂಡಿದ್ದವು. ನೆಂದ ಕಾಗದವನ್ನು ಯಾರೂ ಸರಿಯಾದ ದರಕ್ಕೆ ಕೊಳ್ಳುವುದಿಲ್ಲ, ಆದ್ದರಿಂದ ಮೂರು ದಿನ ಬಿಸಿಲಿಗೆ ಹರಡಿ, ಒರಲೆ ತಿಂದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಉಳಿದದ್ದನ್ನು ಕಟ್ಟಿದೆ. ಮಕ್ಕಳ ಹಳೆಯ ಪಠ್ಯಪುಸ್ತಕಗಳನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಒಯ್ದಾಗ ಪಠ್ಯವೇ ಬದಲಾಗಿದೆಯೆಂದು ಅಲ್ಲಿ ನಯವಾಗಿ ಬೇಡವೆಂದರು. ಕಥೆ ಪುಸ್ತಕಗಳನ್ನೂ ನಿಘಂಟನ್ನೂ ಸಂತೋಷದಿಂದ ಇಟ್ಟುಕೊಂಡರು. ನಮಗೆ ಬೇಡವಾದದ್ದು ಬೇರೆಯವರಿಗೆ ಬೇಕೇ ಬೇಕು ಎಂದು ಭಾವಿಸಿಕೊಂಡು ಹೊರಟದ್ದಕ್ಕೆ ನನಗೇ ನಾಚಿಕೆಯಾಯಿತು.

ಹತ್ತಿಯ ಸೀರೆಗಳನ್ನು ಕೌದಿ ಹೊಲಿಯುವವರಿಗೆ ಕೊಟ್ಟು ಎರಡು ಕೌದಿ ಮಾಡಿಸಿಕೊಂಡೆವು. ನೈಲಾನ್, ಪಾಲಿಯೆಸ್ಟರ್ ಸೀರೆಗಳನ್ನು ಕಾಡುಹಂದಿಯ ಕಾಟಕ್ಕೆ ಗದ್ದೆಯ ಸುತ್ತ ಕಟ್ಟುವುದು ನಮ್ಮ ಕಡೆಯ ವಾಡಿಕೆ. ನಾನೂ ಕಟ್ಟಿದ್ದೇನೆ, ಆದರೆ ಈಗ ಕಟ್ಟುವುದಿಲ್ಲ. ಎರಡು ಬೇಸಿಗೆಯ ಬಿಸಿಲಿಗೆ ಅದು ಎಳೆಯೆಳೆಯಾಗಿ ಉದುರಿ ಮಣ್ಣು ಸೇರುತ್ತದೆ, ಆರಿಸಿ ತೆಗೆಯುವುದು ಸಾಧ್ಯವೇ ಇಲ್ಲ.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮನೆಯೊಳಗೇ ಜಗಳವಾಯಿತು. ನೀರು ಕಾಯಿಸುವ ಒಲೆಗೆ ಚಿಪ್ಪು, ಅಡಿಕೆ ಸಿಪ್ಪೆ, ಸೋಗೆಯ ಜೊತೆಗೆ ಕವರುಗಳನ್ನೂ ತುರುಕುವ ಅಭ್ಯಾಸ ನಮ್ಮಲ್ಲಿಯೂ ಇತ್ತು. ಅದೇ ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತೇವೆ, ಅದನ್ನೇ ಬಸಳೆಯ ಬುಡಕ್ಕೆ ಹಾಕುತ್ತೇವೆ ಎಂದು ನೆನಪಿಸಿದ ಮೇಲೆ ಅತ್ತೆಯವರೇ ಅದನ್ನು ನಿಲ್ಲಿಸಿದರು. ಡಬ್ಬಗಳ ತಳದ ತ್ರಿಕೋನದೊಳಗಿನ ಅಂಕಿ ನೋಡಿ ಬೇರ್ಪಡಿಸುವುದನ್ನು ನನಗೆ ಕಲಿಸಿದವರು ಪಂಚಾಯಿತಿಯ ಕಸದ ಗಾಡಿ 'ಸ್ವಚ್ಛ ವಾಹಿನಿ'ಯನ್ನು ಓಡಿಸುವ ಹೆಣ್ಣುಮಗಳು. 1 ಇದ್ದದ್ದು ನೀರಿನ ಬಾಟಲಿಯ ಜಾತಿ, 2 ಕ್ಯಾನು ಮತ್ತು ಶಾಂಪೂ ಡಬ್ಬಿಗಳದ್ದು, 5 ಊಟದ ಡಬ್ಬಿಗಳದ್ದು. ಇವಕ್ಕೆ ಗಿರಾಕಿ ಉಂಟು. 'ಅಕ್ಕಾ, ತೊಳೆದು ಒಣಗಿಸಿ ಕೊಡಿ, ಇಲ್ಲದಿದ್ರೆ ಉಳಿದಿದ್ದೂ ಹಾಳಾಗುತ್ತೆ' ಎಂಬುದು ಆಕೆಯ ಒಂದೇ ಬೇಡಿಕೆ. ಒಳಗೆ ಬೆಳ್ಳಿಯ ಬಣ್ಣವಿರುವ ಚಿಪ್ಸ್ ಪೊಟ್ಟಣಗಳಲ್ಲಿ ಹಲವು ಪದರಗಳು ಒಂದಕ್ಕೊಂದು ಅಂಟಿರುವುದರಿಂದ ಅವುಗಳನ್ನು ಕೊಳ್ಳುವವರಿಲ್ಲ.

ಬೆಳೆಗೆ ಔಷಧಿ ಹೊಡೆದು ಉಳಿದ ಖಾಲಿ ಕ್ಯಾನುಗಳು ನೀರು ತುಂಬಿಡಲು ಬರುತ್ತವೆ ಎಂದು ಎತ್ತಿಟ್ಟಿದ್ದರು. ಹಾಗೆ ಬಳಸಲೇಬಾರದು. ಸಿಂಪರಣೆ ಮುಗಿದಾಗಲೇ ಮೂರು ಸಲ ತೊಳೆದು, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿದು, ಕ್ಯಾನಿಗೆ ತೂತು ಮಾಡಿ ಅಪಾಯಕಾರಿ ಕಸವಾಗಿ ಬೇರೆ ಇಡಬೇಕು. ಅವಧಿ ಮುಗಿದ ಮಾತ್ರೆಗಳನ್ನೂ ಹಾಗೆಯೇ ಪ್ರತ್ಯೇಕವಾಗಿ ಕಟ್ಟಿ ಕೊಟ್ಟೆ. ಡಬ್ಬಿಯಲ್ಲಿ ಒಣಗಿಯೇ ಇದ್ದ ಮೈಲುತುತ್ತವನ್ನು ಮಾತ್ರ, ಸುಣ್ಣದ ಜೊತೆ ಕಲಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಪಕ್ಕದ ತೋಟದವರು ಒಯ್ದರು.

ಸಿಎಫ್‌ಎಲ್ ಬಲ್ಬುಗಳ ರಟ್ಟಿನ ಪೆಟ್ಟಿಗೆ ಇಳಿಸುವಾಗ ಒಂದು ಬಲ್ಬು ಒಡೆಯಿತು. ಅದರಲ್ಲಿ ಕೆಲವೇ ಮಿಲಿಗ್ರಾಂ ಪಾದರಸವಿದ್ದರೂ ಅದು ಆವಿಯಾಗುತ್ತದೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು ಕಾಲು ಗಂಟೆ ಬಿಟ್ಟು, ಪೊರಕೆ ಮುಟ್ಟದೆ ರಟ್ಟಿನ ತುಂಡಿನಿಂದ ಚೂರುಗಳನ್ನು ಬಳಿದು, ಪುಡಿಯನ್ನು ಅಂಟುಪಟ್ಟಿಗೆ ಒತ್ತಿ ತೆಗೆದು ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತದೆ, ಚುಚ್ಚದೆ ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟೆ. ಫೋನುಗಳಿಂದ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದು, ಇನ್ನೂ ಚಾಲೂ ಆಗುತ್ತಿದ್ದುದರಲ್ಲಿದ್ದ ಫೋಟೋಗಳನ್ನು ಅಳಿಸಿದ ಮೇಲಷ್ಟೇ ಕೈಬಿಟ್ಟದ್ದು. ಡೊಳ್ಳು ಹೊಟ್ಟೆಯ ಹಳೆಯ ಟಿವಿಯ ಗಾಜಿನಲ್ಲಿ ಸೀಸವಿರುವುದರಿಂದ ಅದನ್ನು ಒಡೆಯಲು ಬಿಡಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಹಳ್ಳಿಯಲ್ಲಿ ಅಂಥವರು ಎಲ್ಲಿ ಸಿಗಬೇಕು? ಶಿವಮೊಗ್ಗದಲ್ಲಿ ಹೊಸ ಟಿವಿ ಕೊಂಡ ದಿನ, ಹಳೆಯದನ್ನು ಕಂಪನಿಗೆ ವಾಪಸು ಕಳುಹಿಸುತ್ತೇವೆಂದು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಂಡ ನಂತರವೇ ಒಪ್ಪಿಸಿದೆ.

ಬೂರುಗದ ಅರಳೆಯ ಹಾಸಿಗೆಯನ್ನು ಬಿಚ್ಚಿ, ಒಣಗಿಸಿ, ಹಿಂಜಿಸಿದಾಗ ನಾಲ್ಕು ದಿಂಬುಗಳಾದವು. ಸ್ಪಂಜಿನ ಹಾಸಿಗೆಗೆ ಮಾತ್ರ ಇಂದಿಗೂ ದಾರಿ ಸಿಕ್ಕಿಲ್ಲ. ಗುಜರಿಯವರೂ ಬೇಡವೆಂದರು, ಸ್ವಚ್ಛ ವಾಹಿನಿಯ ಗಾಡಿಯಲ್ಲಿಯೂ ಅದಕ್ಕೆ ಜಾಗವಿರಲಿಲ್ಲ. ಸದ್ಯಕ್ಕೆ ಅದು ಕೊಟ್ಟಿಗೆಯ ಮೂಲೆಯಲ್ಲಿದೆ; ಮಳೆ ಹಿಡಿದಾಗಿನಿಂದ ನಾಯಿ ಅದರ ಮೇಲಿಂದ ಎದ್ದಿಲ್ಲ.